ಕಣಿ ಹೇಳುವ ಕೈ: ಕೊರವಂಜಿ, ರೋಮಾ ಜನ ಮತ್ತು ನಿಮಿತ್ತಜ್ಞಾನ

ಸೇಡಂ, ಚಿಂಚೋಳಿ, ಸುಲೇಪೇಟ ಭಾಗದ ಹಳ್ಳಿಗಳಲ್ಲಿ ತೊಗರಿಯ ರಾಶಿ ಮುಗಿಯುವ ಹೊತ್ತಿಗೆ ಕೊರವರ ಹೆಣ್ಣುಮಕ್ಕಳು ಊರೊಳಗೆ ಕಾಣಿಸಿಕೊಳ್ಳುತ್ತಿದ್ದರು. ತಲೆಯ ಮೇಲೆ ಈಚಲು ಗರಿಯ ಕಸಬರಿಗೆಗಳ ಕಟ್ಟು, ಕಂಕುಳಲ್ಲಿ ಬುಟ್ಟಿ, ಬೆನ್ನಿಗೆ ಕಟ್ಟಿದ ಕೂಸು. ವ್ಯಾಪಾರ ಮುಗಿದ ಮೇಲೆ ಅವರಲ್ಲೊಬ್ಬಳು ಹೊಸ್ತಿಲಾಚೆ ತುಸು ಹೊತ್ತು ಕುಳಿತು, ಮನೆಯ ಹೆಣ್ಣುಮಕ್ಕಳ ಮುಖ ನೋಡಿ ಮೆಲ್ಲಗೆ ಮಾತು ತೆಗೆಯುತ್ತಿದ್ದಳು: “ಯವ್ವಾ, ನಿನ್ನ ಮನಸಿನ್ಯಾಗ ಒಂದು ಮಾತದ, ಬಾಯಿಗಿ ಬರವಲ್ದು. ಕೈ ತೋರ್ಸು, ಹೇಳ್ತೀನಿ.”

ನನ್ನ ಅಜ್ಜಿ ವ್ರತನಿಯಮಗಳಲ್ಲಿ ಕಟ್ಟುನಿಟ್ಟಿನವಳು, ಸೂರ್ಯಾಸ್ತದ ಬಳಿಕ ಊಟ ಮುಟ್ಟದವಳು. ಮಾಡಿದ ಕರ್ಮ ಉದಯಕ್ಕೆ ಬರುವುದನ್ನು ಕಣಿಯಿಂದ ತಡೆಯಲಾದೀತೇ ಎಂಬುದು ಅವಳ ಮಾತು. ಆದ್ದರಿಂದ ಮರ ಕೊಳ್ಳುತ್ತಿದ್ದಳು, ಜೋಳ ಹಾಕುತ್ತಿದ್ದಳು, ಕೈ ಮಾತ್ರ ತೋರಿಸುತ್ತಿರಲಿಲ್ಲ. ಒಂದೇ ಒಂದು ವರ್ಷ, ಮನೆ ಬಿಟ್ಟು ಹೋದ ಮಗನ ಸುದ್ದಿ ಬಾರದೆ ಆರು ತಿಂಗಳು ಕಳೆದಿದ್ದಾಗ, ಬಾಗಿಲು ಅರ್ಧ ಮುಂದೆ ಮಾಡಿ ಕೈ ಚಾಚಿದ್ದಳು. ಆ ಮುಂಗೈಯ ಮೇಲೆ ಮಾಸಿದ ಹಸಿರು ಹಚ್ಚೆಯಿತ್ತು. ಅದನ್ನು ಅವಳ ಬಾಲ್ಯದಲ್ಲಿ ಹೊಯ್ದವಳೂ ಒಬ್ಬ ಕೊರವರ ಹೆಂಗಸೇ. ಅಂಗಳ ದಾಟಿ ಒಳಗೆ ಬರಲು ಅಪ್ಪಣೆಯಿಲ್ಲದ ಹೆಣ್ಣಿನ ಕೈಯಲ್ಲಿ ಮನೆಯೊಡತಿಯ ಕೈ ಇರುವ ಆ ದೃಶ್ಯ ನನ್ನೊಳಗೆ ಉಳಿದುಕೊಂಡಿದೆ. ಈಚೆಗೆ ಯುರೋಪಿನ ರೋಮಾ ಜನರ ಇತಿಹಾಸವನ್ನು ಓದುತ್ತಿರುವಾಗ ಅದು ಮತ್ತೆ ಮತ್ತೆ ಕಣ್ಣೆದುರು ಬಂತು.

ಪದದಿಂದ ಆರಂಭಿಸೋಣ. ‘ಕಣಿ’ಯನ್ನು ಕಾಣುವಿಕೆಗೆ ಸಂಬಂಧಿಸಿದ ‘ಕಣ್’ ಮೂಲದೊಡನೆ ಸೇರಿಸುವುದು ವಾಡಿಕೆ. ಮಲಯಾಳದ ‘ವಿಷುಕಣಿ’ಯಲ್ಲಿ ಅದು ವರ್ಷಾರಂಭದ ಬೆಳಗಿನಲ್ಲಿ ಕಣ್ಣಿಗೆ ಬೀಳಬೇಕಾದ ಮಂಗಳದ ನೋಟ, ತುಳುನಾಡಿನ ‘ಬಿಸು ಕಣಿ’ಯೂ ಅದೇ. ಕನ್ನಡದಲ್ಲಿ ಕಣಿ ಕೇಳುವ ವಸ್ತುವಾಯಿತು: ಕಂಡವಳು ಹೇಳುತ್ತಾಳೆ, ಕಾಣದವರು ಕೇಳುತ್ತಾರೆ. ಗಡಿಯಾಚೆ ತೆಲುಗಿನಲ್ಲಿ ಇದೇ ವಿದ್ಯೆಗೆ ‘ಎರುಕ’ ಎಂದು ಹೆಸರು. ಅದು ನಮ್ಮ ‘ಅರಿವಿ’ನ ಬಳಗದ ಶಬ್ದ. ಕೊರವರ ಬಂಧುಗಳಾದ ಎರುಕಲರಿಗೆ ಆ ಹೆಸರು ಬಂದುದು ಎರುಕ ಹೇಳುವುದರಿಂದ ಎಂಬ ವಿವರಣೆಯನ್ನು ಥರ್ಸ್ಟನ್ 1909ರ ತನ್ನ ಏಳು ಸಂಪುಟಗಳ ಗ್ರಂಥದಲ್ಲಿಯೇ ದಾಖಲಿಸಿದ್ದಾನೆ. ಒಂದು ಜನಸಮುದಾಯದ ಹೆಸರೇ ‘ಅರಿವುಳ್ಳವರು’ ಎಂದು ಅರ್ಥ ಕೊಡುವಾಗ ಅದೇ ಜನರನ್ನು ಶತಮಾನಗಳ ಕಾಲ ಅಜ್ಞಾನಿಗಳೆಂದು ಕರೆದದ್ದು ವಿಚಿತ್ರವೇ.

ತಮಿಳಿನ ಸಂಘಕಾವ್ಯಗಳಲ್ಲೊಂದಾದ ಕುರುಂತೊಗೈಯಲ್ಲಿ ಔವೈಯಾರಳ ಪದ್ಯವೊಂದು ಬೆಟ್ಟವನ್ನು ಹಾಡಿ ಕಣಿ ಹೇಳುವ ‘ಅಗವನ್ ಮಗಳ್’ ಎಂಬ ಹೆಂಗಸನ್ನು ಸಂಬೋಧಿಸುತ್ತದೆ. ಕುರಿಂಜಿ ನೆಲದ ಕುರವರಿಗೂ ಈ ವಿದ್ಯೆಗೂ ಇರುವ ನಂಟು ಅಷ್ಟು ಹಳೆಯದು. ಕನ್ನಡನಾಡಿನಲ್ಲಿ ಕೊರವ, ಕೊರಮ, ಕೊರಚ ಎಂಬ ಹೆಸರುಗಳಿಂದ ಹರಡಿದವರು ತಮ್ಮನ್ನು ‘ಕುಳುವ’ರೆಂದು ಕರೆದುಕೊಳ್ಳುತ್ತಾರೆ. ಅವರ ಮನೆಮಾತು ದ್ರಾವಿಡ ಭಾಷೆ, ತಮಿಳಿಗೆ ಸಮೀಪದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಮೇಲೆಯೇ ವಾದ ನಿಲ್ಲಲಿದೆ.

ಕಣಿ ಹೇಳುವವರು ಕೊರವರ ಹೆಂಗಸರು ಮಾತ್ರವಲ್ಲ. ಬೆಳಗಿನ ಜಾವದಲ್ಲಿ, ಊರು ಇನ್ನೂ ಮಂಪರಿನಲ್ಲಿರುವಾಗ, ಪುಟ್ಟ ಡಮರುವನ್ನು ನುಡಿಸುತ್ತ ಬರುವ ಬುಡಬುಡಿಕೆಯವನು ಹಾಲಕ್ಕಿಯ ದನಿಯನ್ನು ಕೇಳಿ ಬಂದವನೆಂದು ಹೇಳಿಕೊಂಡು ಮನೆಮನೆಯ ಮುಂದೆ ಶಕುನ ನುಡಿಯುತ್ತಾನೆ. ಅವನದು ಗಂಡಸಿನ ದನಿ, ಬೀದಿಗೆಲ್ಲ ಕೇಳುವ ನುಡಿ. ಕೊರವಂಜಿಯದು ಹೆಣ್ಣಿನಿಂದ ಹೆಣ್ಣಿಗೆ ಪಿಸುಮಾತು. ಅವಳು ಮೊದಲು ದೇವತೆಗಳನ್ನು ನೆನೆಯುತ್ತಾಳೆ, ತಾನು ತಿರುಗಿದ ಊರು, ಬೆಟ್ಟ, ಕ್ಷೇತ್ರಗಳನ್ನು ಎಣಿಸುತ್ತಾಳೆ. ಆ ಪಟ್ಟಿ ಅಲಂಕಾರವಲ್ಲ, ಅರ್ಹತೆಯ ಪತ್ರ: ನೀನು ಈ ಗೋಡೆಯೊಳಗಿದ್ದೀಯೆ, ನಾನು ಲೋಕ ಕಂಡು ಬಂದಿದ್ದೇನೆ ಎಂದು ಅದರರ್ಥ. ಬಳಿಕ ಕೈ ಹಿಡಿಯುತ್ತಾಳೆ. ಎಲ್ಲರಿಗೂ ಸಲ್ಲುವ ಒಂದು ಮಾತು ಆಡಿ ಕೇಳುವವಳ ಉಸಿರು, ಕಣ್ಣು, ಬೆರಳಿನ ನಡುಕವನ್ನು ಗಮನಿಸಿ, ಮುಂದಿನ ಮಾತನ್ನು ಅದಕ್ಕೆ ತಕ್ಕಂತೆ ಇಕ್ಕಟ್ಟಾಗಿಸುತ್ತ ಹೋಗುತ್ತಾಳೆ. ಪ್ರತಿಫಲ ಜೋಳ, ಎಣ್ಣೆ, ಹಳೆಯ ಸೀರೆ. ಹಣಕ್ಕಿಂತ ಧಾನ್ಯವೇ ಹೆಚ್ಚು. ಇದನ್ನು ಮೋಸವೆಂದು ಒಂದೇ ಮಾತಿನಲ್ಲಿ ತಳ್ಳುವವರು, ಅತ್ತೆಯೆದುರಿಗೂ ಗಂಡನೆದುರಿಗೂ ಆಡಲಾಗದ ಮಾತನ್ನು ಆಡಲು ಆ ಮನೆಯ ಹೆಣ್ಣಿಗೆ ಬೇರೆ ಯಾವ ಎಡೆಯಿತ್ತು ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಈಗ ದೂರದ ಪ್ಯಾರಿಸಿಗೆ. 1427ರ ಆಗಸ್ಟಿನಲ್ಲಿ ನೂರಕ್ಕೂ ಹೆಚ್ಚು ಮಂದಿಯ ಅಲೆಮಾರಿ ಗುಂಪೊಂದು ಆ ನಗರದ ಹೊರಗೆ ಲಾ ಶಾಪೆಲ್ ಎಂಬಲ್ಲಿ ಬೀಡುಬಿಟ್ಟಿತು. ತಾವು ‘ಕಿರಿಯ ಈಜಿಪ್ಟಿ’ನವರೆಂದು ಅವರು ಹೇಳಿಕೊಂಡರು, ಇಂಗ್ಲಿಷಿನ ‘ಜಿಪ್ಸಿ’ ಶಬ್ದ ಹುಟ್ಟಿದ್ದು ಈ ಈಜಿಪ್ಟಿನ ನಂಬಿಕೆಯಿಂದ. ಜನ ತಂಡೋಪತಂಡವಾಗಿ ನೋಡಲು ಹೋದರು. ಆ ಹೆಂಗಸರು ಕೈನೋಡಿ ಭವಿಷ್ಯ ಹೇಳುತ್ತ, ಗಂಡಹೆಂಡಿರ ನಡುವೆ ಜಗಳ ಹಚ್ಚುತ್ತ, ಕೇಳುವವರ ಹಣದ ಚೀಲ ಬರಿದು ಮಾಡುತ್ತಾರೆಂಬ ಮಾತು ಹಬ್ಬಿತು. ಆ ಕಾಲದ ದಿನಚರಿಯೊಂದನ್ನು ಬರೆದಿಟ್ಟ ಹೆಸರಿಲ್ಲದ ಪ್ಯಾರಿಸ್ ನಿವಾಸಿ ಇದನ್ನೆಲ್ಲ ದಾಖಲಿಸಿ, ಕೊನೆಗೆ ಒಂದು ಪ್ರಾಮಾಣಿಕ ಮಾತು ಸೇರಿಸುತ್ತಾನೆ: ತಾನು ಮೂರು ನಾಲ್ಕು ಸಲ ಹೋಗಿ ಅವರೊಡನೆ ಮಾತನಾಡಿದೆ, ಒಂದು ಕಾಸೂ ಕಳೆದುಕೊಳ್ಳಲಿಲ್ಲ, ಅವರು ಯಾರದೇ ಕೈ ನೋಡಿದ್ದನ್ನೂ ಕಾಣಲಿಲ್ಲ, ಆದರೆ ಎಲ್ಲೆಡೆಯೂ ಜನ ಹಾಗೆ ಹೇಳುತ್ತಿದ್ದರು. ಬಿಷಪ್ಪನು ಬಂದು, ಕೈ ತೋರಿಸಿದವರನ್ನೆಲ್ಲ ಚರ್ಚಿನಿಂದ ಬಹಿಷ್ಕರಿಸಿದನು. ಅಲೆಮಾರಿಗಳು ಅಲ್ಲಿಂದ ಪೊಂಟ್ವಾಸ್ ಕಡೆಗೆ ಹೊರಟುಹೋದರು. ರೋಮಾ ಇತಿಹಾಸದ ಆಕರಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಈ ಪುಟ್ಟ ತಪ್ಪೊಪ್ಪಿಗೆ. ಕಂಡವನು ಕಾಣಲಿಲ್ಲವೆನ್ನುತ್ತಾನೆ, ಕಾಣದವರೆಲ್ಲ ಇದೆ ಎನ್ನುತ್ತಾರೆ. ಗುರುತು ಮಾತ್ರ ಆರು ಶತಮಾನ ಉಳಿಯುತ್ತದೆ.

ರೋಮಾ ಹೆಂಗಸರು ಭವಿಷ್ಯ ಹೇಳುತ್ತಿರಲಿಲ್ಲವೆಂದು ಇದರರ್ಥವಲ್ಲ. ಖಂಡಿತ ಹೇಳುತ್ತಿದ್ದರು, ಈಗಲೂ ಕೆಲವರು ಹೇಳುತ್ತಾರೆ. ಅವರ ಭಾಷೆಯಲ್ಲಿ ಅಂಥವಳಿಗೆ ‘ದ್ರಬಾರ್ನಿ’ ಎಂಬ ಹೆಸರುಂಟು. ಅದರ ಮೂಲವಾದ ‘ದ್ರಬ್’ ಎಂದರೆ ಔಷಧ, ನಮ್ಮ ‘ದ್ರವ್ಯ’ದ ಮರಿ. ಮದ್ದು ಬಲ್ಲವಳೇ ಮುಂದನ್ನೂ ಬಲ್ಲವಳಾದಳು. ಆದರೆ ಗಮನಿಸಬೇಕಾದದ್ದೆಂದರೆ ಈ ವಿದ್ಯೆಯ ಗಿರಾಕಿಗಳು ‘ಗಾಜೆ’, ಅಂದರೆ ರೋಮಾ ಅಲ್ಲದವರು. ತಮ್ಮತಮ್ಮೊಳಗೆ ಅವರು ಇದನ್ನು ನಡೆಸುವುದಿಲ್ಲ. ಹೊರಗಿನವರು ಯಾವುದನ್ನು ರೋಮಾ ಸಂಸ್ಕೃತಿಯ ತಿರುಳೆಂದು ಬಗೆದರೋ ಅದು ಒಳಗಿನವರಿಗೆ ಹೊರಗಿನವರೊಡನೆ ನಡೆಸುವ ಒಂದು ವ್ಯಾಪಾರ. ಅವರ ತಿರುಳು ಬೇರೆಡೆ ಇದೆ: ಭಾಷೆಯಲ್ಲಿ, ಕುಟುಂಬದಲ್ಲಿ, ಶುಚಿ ಅಶುಚಿಗಳ ಕಟ್ಟಳೆಯಲ್ಲಿ.

ಆ ಭಾಷೆ ಭಾರತದ್ದು ಎಂಬುದು 18ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ರ‍್ಯೂಡಿಗರ್ ಮತ್ತು ಗ್ರೆಲ್‌ಮನ್ ಅವರ ಬರಹಗಳಿಂದ ಬೆಳಕಿಗೆ ಬಂತು. ರಾಲ್ಫ್ ಟರ್ನರ್ 1926ರಲ್ಲಿ ಅದರ ಸ್ಥಾನವನ್ನು ಇನ್ನಷ್ಟು ಖಚಿತಪಡಿಸಿದನು: ಮೂಲ ನೆಲೆ ಮಧ್ಯದೇಶದ ಆಡುನುಡಿಗಳೊಂದಿಗೆ, ಬಳಿಕ ವಾಯವ್ಯದಲ್ಲಿ ದೀರ್ಘ ವಾಸ. ‘ಪಾನಿ’ ನೀರು, ‘ನಾಕ್’ ಮೂಗು, ‘ಕನ್’ ಕಿವಿ. ಮೂರಕ್ಕೆ ‘ತ್ರಿನ್’, ನಾಲ್ಕಕ್ಕೆ ‘ಷ್ತಾರ್’. ಏಳು, ಎಂಟು, ಒಂಬತ್ತಕ್ಕೆ ಬಂದಾಗ ಮಾತ್ರ ಗ್ರೀಕ್ ಸಂಖ್ಯೆಗಳು, ಬೈಜಾಂಟಿಯಮ್ಮಿನಲ್ಲಿ ಕಳೆದ ತಲೆಮಾರುಗಳ ಗುರುತು. ‘ರೋಮ್’ ಎಂಬ ಹೆಸರನ್ನು ‘ಡೋಮ್’ ಶಬ್ದಕ್ಕೆ ಜೋಡಿಸುವ ವಿದ್ವಾಂಸರು ಅನೇಕರು. ನಮ್ಮ ಊರುಗಳಲ್ಲಿ ಹಗ್ಗದ ಮೇಲೆ ನಡೆಯುವ ಡೊಂಬರ ಹೆಸರು ಇದೇ ಶಬ್ದದ ದಾರಿಯಲ್ಲಿ ಬಂದಿರಬೇಕು.

ಇಲ್ಲಿಯೇ ನಮ್ಮ ಭಾಗದ ಲಂಬಾಣಿ ತಾಂಡಾಗಳ ಪ್ರಶ್ನೆ ಏಳುತ್ತದೆ. ಚಿಂಚೋಳಿ ತಾಲ್ಲೂಕಿನ ಗುಡ್ಡಗಾಡಿನಲ್ಲಿ ತಾಂಡಾಗಳು ಅನೇಕ. ರೋಮಾ ಜನ ಬಂಜಾರರ ನೇರ ಬಂಧುಗಳೆಂಬ ಮಾತು ಸಭೆಗಳಲ್ಲಿ, ಪುಸ್ತಕಗಳಲ್ಲಿ ಬಹಳ ಕಾಲದಿಂದ ಕೇಳಿಬರುತ್ತಿದೆ. ಗೋರ್ ಬೋಲಿಯೂ ರೋಮಾನಿಯೂ ಹಿಂದೀ-ಆರ್ಯ ಕುಲದವೆಂಬುದು ದಿಟ. ಆದರೆ ಗೋರ್ ಬೋಲಿಯ ಹತ್ತಿರದ ನೆಂಟಸ್ತಿಕೆ ರಾಜಸ್ಥಾನದ ನುಡಿಗಳೊಂದಿಗೆ. ರೋಮಾನಿ ಸಾವಿರ ವರ್ಷಗಳಷ್ಟು ಹಿಂದೆಯೇ ಕವಲೊಡೆದು ಹೋದದ್ದು. ಅವೆರಡರ ನಡುವಿನದು ದಾಯಾದಿ ಸಂಬಂಧವಾದೀತೇ ಹೊರತು ತಾಯಿಮಕ್ಕಳದಲ್ಲ.

ಅದಕ್ಕಿಂತ ಸ್ವಾರಸ್ಯವಾದುದು ಕಸುಬಿನ ವಿಚಾರ. ಭಾಷೆಯಿಂದ ರೋಮಾ ಜನಕ್ಕೆ ಇಷ್ಟಾದರೂ ಹತ್ತಿರವಿರುವ ಲಂಬಾಣಿಗರ ಕಸುಬು ಎತ್ತಿನ ಹೇರುಗಳಲ್ಲಿ ದವಸ, ಉಪ್ಪು ಸಾಗಿಸುವುದಾಗಿತ್ತು. ಕಣಿ ಅವರ ಜೀವನೋಪಾಯವಾಗಲಿಲ್ಲ. ಕಣಿಯಿಂದ ಹೆಸರಾದವರು ಭಾಷೆಯಲ್ಲಿ ರೋಮಾ ಜನಕ್ಕೆ ಯಾವ ಸಂಬಂಧವೂ ಇಲ್ಲದ, ದ್ರಾವಿಡ ನುಡಿಯ ಕೊರವರು. ಭವಿಷ್ಯ ಹೇಳುವುದು ಭಾರತದಿಂದ ಹೊತ್ತೊಯ್ದ ರಕ್ತಗುಣವೆಂಬ ಹಳೆಯ ಊಹೆ ಇಲ್ಲಿ ಬಿದ್ದುಹೋಗುತ್ತದೆ. ಲಾ ಶಾಪೆಲ್‌ನ ಹೆಂಗಸಿಗೂ ಸುಲೇಪೇಟದ ಹೊಸ್ತಿಲಿಗೆ ಬಂದವಳಿಗೂ ಸಾಮಾನ್ಯವಾದದ್ದು ರಕ್ತವಲ್ಲ, ನುಡಿಯಲ್ಲ; ನೆಲೆನಿಂತವರ ಊರಿನ ಅಂಚಿನಲ್ಲಿ ಅವರಿಗೆ ಸಿಕ್ಕ ಜಾಗ. ಇಂದು ಬಂದು ನಾಳೆ ಹೋಗುವವಳ ಬಳಿ ಗುಟ್ಟು ಹೇಳಬಹುದು. ಊರೊಳಗಿನ ಯಾವ ಪಕ್ಷಕ್ಕೂ ಸೇರದವಳ ಮಾತಿನಲ್ಲಿ ಪಕ್ಷಪಾತವಿರದೆಂದು ನಂಬಬಹುದು. ಹೊರಗಿನವಳಾದ್ದರಿಂದಲೇ ಅವಳಲ್ಲಿ ಏನೋ ಶಕ್ತಿಯಿರಬೇಕು ಎಂಬ ಭಯವೂ ಸೇರಿಕೊಳ್ಳುತ್ತದೆ. ನೆಲೆನಿಂತ ಸಮಾಜ ತನಗೆ ಬೇಕಾದ ಒಂದು ಕೆಲಸವನ್ನು ಅಲೆಯುವವಳಿಗೆ ಒಪ್ಪಿಸಿ, ಬಳಿಕ ಆ ಕೆಲಸವನ್ನೇ ಅವಳ ಹುಟ್ಟುಗುಣವೆಂದು ಕರೆಯಿತು.

ವಿದ್ಯೆಯಾಗಿ ನೋಡಿದರೆ ಇದೇ ಜ್ಞಾನಕ್ಕೆ ನಮ್ಮ ಸಾಹಿತ್ಯದಲ್ಲಿ ಎಂಥ ಗೌರವವಿತ್ತೆಂಬುದು ಸಾಹಿತ್ಯ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಜೈನ ಆಗಮ ಪರಂಪರೆ ಅಷ್ಟಾಂಗ ನಿಮಿತ್ತಗಳನ್ನು ಹೇಳುತ್ತದೆ: ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ. ಇವುಗಳಲ್ಲಿ ‘ಸ್ವರ’ವೆಂದರೆ ಪಶುಪಕ್ಷಿಗಳ ದನಿಯಿಂದ ಶುಭಾಶುಭವನ್ನರಿಯುವುದು, ಹಾಲಕ್ಕಿಯ ಬುಡಬುಡಿಕೆಯವನು ಮಾಡುವುದೂ ಅದನ್ನೇ. ‘ಲಕ್ಷಣ’ವೆಂದರೆ ಅಂಗೈ ಅಂಗಾಲುಗಳ ಚಿಹ್ನೆಗಳನ್ನು ಓದುವುದು, ಕೊರವಂಜಿಯ ಓದೂ ಅದೇ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ, ಸುಮಾರು ಕ್ರಿ.ಶ. 600ರ ಶಾಸನ ಭದ್ರಬಾಹುಸ್ವಾಮಿಯನ್ನು ಅಷ್ಟಾಂಗ ಮಹಾನಿಮಿತ್ತದ ತತ್ತ್ವ ಬಲ್ಲವನೆಂದು ಕೊಂಡಾಡುತ್ತದೆ. ಉಜ್ಜಯಿನಿಯಲ್ಲಿ ನಿಮಿತ್ತದಿಂದ ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಅವನು ತಿಳಿಸಿದ್ದರಿಂದಲೇ ಸಂಘ ದಕ್ಷಿಣಕ್ಕೆ ಹೊರಟಿತು. ಕರ್ನಾಟಕದ ಜೈನ ಇತಿಹಾಸ ತನ್ನ ಆರಂಭವನ್ನು ಹೇಳಿಕೊಳ್ಳುವುದೇ ಒಂದು ಕಣಿಯಿಂದ, ಅದೂ ಒಂದು ವಲಸೆಯ ಕಣಿಯಿಂದ. ಮುಂದೆ 1049ರಲ್ಲಿ ನರಗುಂದದ ಶ್ರೀಧರಾಚಾರ್ಯ ‘ಜಾತಕತಿಲಕ’ವನ್ನು ರಚಿಸಿ ಕನ್ನಡಕ್ಕೆ ಜ್ಯೋತಿಷ ಗ್ರಂಥವನ್ನು ಕೊಟ್ಟನು. ಸುಮಾರು 1300ರ ರಟ್ಟಕವಿಯ ‘ರಟ್ಟಮತ’ ಮಳೆ, ಗಾಳಿ, ಭೂಕಂಪ, ಶಕುನಗಳನ್ನು ವಿವರಿಸಿತು. ನಮ್ಮ ನೆರೆಯ ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ಕಾಗಿಣಾ ದಂಡೆಯ ಮೇಲೆ ಅಮೋಘವರ್ಷನ ರಾಜಧಾನಿಯಾಗಿದ್ದಾಗ ಗಣಿತಜ್ಞ ಮಹಾವೀರಾಚಾರ್ಯ ಅವನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಬರೆದನು. ಆ ಗಣಿತವೂ ಗ್ರಹಗತಿಯ ಲೆಕ್ಕಕ್ಕೆ ಬೇಕಾದದ್ದೇ.

ಆದರೆ ಇದೇ ಪರಂಪರೆಯಲ್ಲಿ ಮತ್ತೊಂದು ಎಳೆಯಿದೆ. ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಮುನಿಯ ಆಹಾರಕ್ಕೆ ತಗಲುವ ಹದಿನಾರು ಉತ್ಪಾದನ ದೋಷಗಳಲ್ಲಿ ‘ನಿಮಿತ್ತ’ವನ್ನೂ ಸೇರಿಸುತ್ತದೆ. ನಿಮಿತ್ತ ಹೇಳಿ ಗೃಹಸ್ಥನ ಮನವೊಲಿಸಿ ಪಡೆದ ಅನ್ನ ದೂಷಿತ. ಜ್ಞಾನ ದೋಷವಲ್ಲ, ಅದನ್ನು ಅನ್ನಕ್ಕೆ ಮಾರುವುದು ದೋಷ. ಸರ್ವಸಂಗ ಪರಿತ್ಯಾಗಿಯಾದ ಮುನಿಗೆ ಈ ನಿಯಮ ಸರಿಯೇ. ಆದರೆ ಹೊಲವಿಲ್ಲದ, ಮನೆಯಿಲ್ಲದ, ಬೆನ್ನಿನಲ್ಲಿ ಕೂಸಿರುವ ಹೆಣ್ಣನ್ನು ಅಳೆಯಲು ನಮ್ಮ ಶಿಷ್ಟ ಸಮಾಜ ಅರಿತೋ ಅರಿಯದೆಯೋ ಇದೇ ಅಳತೆಗೋಲನ್ನು ಬಳಸಿತು. ರಾಜನಿಗೆ ಜಾತಕ ಬರೆದವನಿಗೆ ದತ್ತಿ ಸಿಕ್ಕಿತು, ಅವನ ವಿದ್ಯೆ ಗ್ರಂಥವಾಯಿತು. ಮೊರದ ಜೋಳಕ್ಕೆ ಕೈ ನೋಡಿದವಳ ವಿದ್ಯೆ ಬೂಟಾಟಿಕೆಯಾಯಿತು. ಎರಡರಲ್ಲಿ ಯಾವುದು ಹೆಚ್ಚು ನಿಜ ಹೇಳಿತು ಎಂಬ ವಿಚಾರಕ್ಕೆ ನಾನು ಹೋಗುವುದಿಲ್ಲ. ಅಜ್ಜಿಯಂತೆ ನನಗೂ ಎರಡರಲ್ಲಿಯೂ ನಂಬಿಕೆ ಕಡಿಮೆ.

ಕಾವ್ಯ ಅವಳನ್ನು ಬಿಟ್ಟುಬಿಡಲಿಲ್ಲ, ಆದರೆ ವಿಚಿತ್ರ ರೀತಿಯಲ್ಲಿ ಸ್ವೀಕರಿಸಿತು. ವೆಂಕಟಾಚಲ ಮಾಹಾತ್ಮ್ಯದ ಕಥೆಯಲ್ಲಿ ಶ್ರೀನಿವಾಸನೇ ಕಣಿ ಹೇಳುವ ಹೆಣ್ಣಿನ ವೇಷ ತೊಟ್ಟು ಪದ್ಮಾವತಿಯ ತಾಯಿಯೆದುರು ನಿಲ್ಲುತ್ತಾನೆ. ಹರಿದಾಸರ ಹಾಡುಗಳಲ್ಲಿ, ಬಯಲಾಟಗಳಲ್ಲಿ ಆ ಕೊರವಂಜಿ ಎಷ್ಟು ಜನಪ್ರಿಯಳೆಂಬುದನ್ನು ಹೇಳಬೇಕಾಗಿಲ್ಲ. ತಮಿಳಿನಲ್ಲಿ 17ನೆಯ ಶತಮಾನದ ಕುಮಾರಗುರುಪರರ ‘ಮೀನಾಕ್ಷಿಯಮ್ಮೈ ಕುರಮ್’, 18ನೆಯ ಶತಮಾನದ ತಿರಿಕೂಡರಾಸಪ್ಪ ಕವಿರಾಯರ ‘ಕುಟ್ರಾಲ ಕುರವಂಜಿ’ ಇವೆಲ್ಲ ಒಂದು ಸಾಹಿತ್ಯ ಪ್ರಕಾರವನ್ನೇ ಕಟ್ಟಿದವು. ತಂಜಾವೂರಿನ ಎರಡನೆಯ ಸರ್ಫೋಜಿಯ ಹೆಸರಿನಲ್ಲಿಯೂ ಒಂದು ಕುರವಂಜಿ ಹುಟ್ಟಿತು. ದೇವರು ವೇಷ ಹಾಕಬಹುದು, ರಾಜಕುವರಿಯ ವಿರಹವನ್ನು ಕುರತಿ ಬಿಡಿಸಿ ಹೇಳಬಹುದು. ಅವಳ ಸ್ವಂತ ಬದುಕಿಗೆ ಸಿಗುವುದು ಮಾತ್ರ ಸಿಂಗಿ-ಸಿಂಗರ ಹಾಸ್ಯಪ್ರಸಂಗ. ನೂರಾರು ಪುಟಗಳಲ್ಲಿ ಅವಳು ಇತರರ ಕೈ ಓದುತ್ತಾಳೆ, ಅವಳ ಕೈಯನ್ನು ಯಾರೂ ಓದುವುದಿಲ್ಲ.

ಸ್ಪೇನಿನ ಸೆರ್ವಾಂಟೆಸ್ 1613ರಲ್ಲಿ ಪ್ರಕಟಿಸಿದ ‘ಲಾ ಹಿತಾನಿಯಾ’ ಕತೆಯಲ್ಲಿಯೂ ಇದೇ ಉಪಾಯವಿದೆ. ಪ್ರೆಸಿಯೋಸಾ ಎಂಬ ಚೆಲುವೆ ರೋಮಾ ಹುಡುಗಿಯಾಗಿ ಹಾಡಿ ಕುಣಿದು ಕೈ ನೋಡಿ ಎಲ್ಲರ ಮನ ಗೆಲ್ಲುತ್ತಾಳೆ. ಕೊನೆಗೆ ತಿಳಿಯುವುದೇನೆಂದರೆ ಅವಳು ರೋಮಾ ಅಲ್ಲವೇ ಅಲ್ಲ, ಎಳವೆಯಲ್ಲಿ ಕಳುವಾದ ದೊಡ್ಡ ಮನೆತನದ ಮಗಳು. ಓದುಗನ ಮೆಚ್ಚುಗೆಗೆ ಪಾತ್ರಳಾದವಳು ನಿಜವಾದ ರೋಮಾ ಆಗಿರುವಂತಿಲ್ಲ! ಕನ್ನಡದಲ್ಲಿ 1942ರಲ್ಲಿ ರಾ.ಶಿ. ಅವರು ಆರಂಭಿಸಿ 1967ರವರೆಗೆ ನಡೆದ ಹಾಸ್ಯ ಮಾಸಿಕಕ್ಕೆ ‘ಕೊರವಂಜಿ’ ಎಂದೇ ಹೆಸರಿಟ್ಟದ್ದು ಅವಳ ನಿರ್ಭಿಡೆಯ ನಾಲಿಗೆಗೆ ಸಂದ ಗೌರವ. ಅಲ್ಲಿಯೂ ಅವಳು ಒಂದು ಮುಖವಾಡ, ಬೇರೆಯವರು ತೊಟ್ಟು ಸತ್ಯ ನುಡಿಯುವ ವೇಷ.

ಕಾವ್ಯ ವೇಷ ತೊಡಿಸಿದರೆ ಕಾನೂನು ಬೇಡಿ ತೊಡಿಸಿತು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿಯ 1530ರ ಶಾಸನವು ‘ಈಜಿಪ್ಟಿಯನ್ನ’ರನ್ನು ದೇಶದಿಂದ ಹೊರಗಟ್ಟಲು ಕೊಟ್ಟ ಕಾರಣಗಳಲ್ಲಿ ಕೈನೋಡುವ ನೆಪದ ವಂಚನೆಯೂ ಒಂದು. 1824ರ ಅಲೆಮಾರಿತನದ ಕಾಯಿದೆಯು ಹಸ್ತಸಾಮುದ್ರಿಕದಿಂದಲೋ ಇನ್ನಾವುದೇ ಉಪಾಯದಿಂದಲೋ ಭವಿಷ್ಯ ಹೇಳುವವರನ್ನು ಪೋಕರಿಗಳ ಸಾಲಿಗೆ ಸೇರಿಸಿತು. ನಾಜಿ ಜರ್ಮನಿಯ ಪೊಲೀಸರು 1939ರಲ್ಲಿ ಭವಿಷ್ಯ ಹೇಳುವ ರೋಮಾ ಹೆಂಗಸರನ್ನು ಬಂಧನ ಶಿಬಿರಗಳಿಗೆ ತಳ್ಳಲು ಆಜ್ಞೆ ಮಾಡಿದರು.

ಭಾರತದಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ 1871ರಲ್ಲಿ ಉತ್ತರದಲ್ಲಿ ಜಾರಿಗೆ ಬಂದು, 1911ರ ತಿದ್ದುಪಡಿಯಿಂದ ಮದ್ರಾಸ್ ಪ್ರಾಂತ್ಯವನ್ನೂ ಒಳಗೊಂಡಿತು. ಕೊರವರು ಅದರ ಮುಖ್ಯ ಗುರಿಗಳಲ್ಲೊಬ್ಬರಾದರು. ಅವರೇಕೆ? ಮೀನಾ ರಾಧಾಕೃಷ್ಣ ಅವರು 2001ರ ತಮ್ಮ ಗ್ರಂಥದಲ್ಲಿ ಇದರ ಆರ್ಥಿಕ ಮೂಲವನ್ನು ಬಿಡಿಸಿ ತೋರಿಸಿದ್ದಾರೆ. ಕೊರವರು ಕರಾವಳಿಯ ಉಪ್ಪನ್ನು ಒಳನಾಡಿಗೆ ಒಯ್ದು ಧಾನ್ಯಕ್ಕೆ ಬದಲಾಯಿಸುವ ಸಂಚಾರಿ ವರ್ತಕರಾಗಿದ್ದರು. ಸರ್ಕಾರದ ಉಪ್ಪಿನ ನೀತಿ ಮತ್ತು ರೈಲುಮಾರ್ಗಗಳು ಆ ವ್ಯಾಪಾರವನ್ನು ನುಂಗಿದವು. ನಮ್ಮ ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹರಿದದ್ದು 1874ರಲ್ಲಿ. ಹೇರೆತ್ತಿನ ಮೇಲೆ ಬದುಕುತ್ತಿದ್ದವರಿಗೆ, ಲಂಬಾಣಿಗರಾಗಲಿ ಕೊರವರಾಗಲಿ, ಅಂಥ ಪ್ರತಿಯ ಹಳಿಯೂ ಒಂದು ದಾರಿ ಮುಚ್ಚಿದಂತೆಯೇ. ವ್ಯಾಪಾರ ಹೋದ ಮೇಲೆ ಉಳಿದದ್ದು ಬುಟ್ಟಿ, ಕಸಬರಿಗೆ ಮತ್ತು ಹೆಂಗಸರ ಕಣಿ. ಪೊಲೀಸರ ಕಣ್ಣಿಗೆ ಕಣಿಯೇ ಸಾಕ್ಷ್ಯವಾಯಿತು. 1892ರಲ್ಲಿ ಮದ್ರಾಸಿನ ಪೊಲೀಸ್ ಅಧಿಕಾರಿ ಮುಲ್ಲಾಲಿ ‘ಅಪರಾಧಿ ವರ್ಗ’ಗಳ ಬಗ್ಗೆ ಬರೆದ ಟಿಪ್ಪಣಿಗಳಂಥ ಬರಹಗಳು ಥರ್ಸ್ಟನ್ನನ ಗ್ರಂಥಕ್ಕೂ ಹರಿದುಬಂದವು. ಕಣಿಯ ನೆಪದಲ್ಲಿ ಹೆಂಗಸರು ಮನೆಯ ಗುಟ್ಟು ತಿಳಿದು ಗಂಡಸರಿಗೆ ಕನ್ನ ತೋರಿಸುತ್ತಾರೆಂಬುದು ಅಂದಿನ ಸಾಮಾನ್ಯ ಆರೋಪ. ಪ್ಯಾರಿಸಿನ ಗಾಳಿಮಾತು ಇಲ್ಲಿ ಸರ್ಕಾರಿ ದಾಖಲೆಯಾಯಿತು. ಕೊರವರ ಮೇಲಿನ ಬರಹಗಳನ್ನು ಆಕರವಾಗಿ ಬಳಸುವ ಸಂಶೋಧಕರು ಒಂದೊಂದು ವಾಕ್ಯಕ್ಕೂ ‘ಇದನ್ನು ಕಂಡವರು ಯಾರು’ ಎಂಬ ಪ್ರಶ್ನೆ ಹಾಕಿಕೊಳ್ಳುವುದು ಒಳಿತು. ಆ ಪ್ಯಾರಿಸಿನವನು ಹಾಕಿಕೊಂಡಂತೆ.

ಮುಂಬಯಿ ಪ್ರಾಂತ್ಯದಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ಮುಳ್ಳುಬೇಲಿಯ ವಸಾಹತುಗಳು ಎದ್ದವು. ಹುಬ್ಬಳ್ಳಿಯಲ್ಲಿಯೂ ಗದಗ-ಬೆಟಗೇರಿಯಲ್ಲಿಯೂ ‘ಸೆಟ್ಲಮೆಂಟ್’ ಎಂಬುದು ಇಂದಿಗೂ ಬಡಾವಣೆಯ ಹೆಸರು. ಹಾಜರಿ ಕೊಡಬೇಕು, ಪಾಸಿಲ್ಲದೆ ಊರು ದಾಟುವಂತಿಲ್ಲ. ತಿರುಗಾಟವೇ ತಪ್ಪಾದ ಮೇಲೆ ತಿರುಗಾಟದಿಂದಲೇ ಅರ್ಹತೆ ಪಡೆಯುತ್ತಿದ್ದ ವಿದ್ಯೆ ಉಳಿಯುವುದಾದರೂ ಹೇಗೆ? ಕಾಯಿದೆ ರದ್ದಾದದ್ದು 1952ರ ಆಗಸ್ಟ್ 31ರಂದು. ಆದರೆ 1959ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯು ಹಾಡು, ಕುಣಿತ, ಭವಿಷ್ಯ ಹೇಳುವಿಕೆಗಳ ನೆಪದಲ್ಲಿ ಬೇಡುವುದನ್ನೂ ಭಿಕ್ಷಾಟನೆಯೆಂದೇ ವ್ಯಾಖ್ಯಾನಿಸಿತು. ದೆಹಲಿಗೂ ವಿಸ್ತರಿಸಿದ್ದ ಆ ಕಾಯಿದೆಯ ಮುಖ್ಯ ಕಲಮುಗಳನ್ನು ಅಲ್ಲಿನ ಉಚ್ಚ ನ್ಯಾಯಾಲಯ ತಳ್ಳಿಹಾಕಿದ್ದು 2018ರಲ್ಲಿ. ಇಷ್ಟರ ನಡುವೆ ಯಾವ ಜ್ಯೋತಿಷಿಯ ಜಗುಲಿಗೂ ಪೊಲೀಸರು ಹಾಜರಿ ಪುಸ್ತಕ ಹಿಡಿದು ಹೋಗಲಿಲ್ಲ.

ಇಂಥ ಇತಿಹಾಸವುಳ್ಳ ಜನ ಕಣಿಯನ್ನು ತಮ್ಮ ಗುರುತೆಂದು ಎತ್ತಿಹಿಡಿಯಬೇಕೆ, ಮರೆತುಬಿಡಬೇಕೆ? ರೋಮಾ ಜನರಲ್ಲಿ ಇದು ಜೀವಂತ ಚರ್ಚೆ. 1971ರ ಏಪ್ರಿಲ್ 8ರಂದು ಲಂಡನ್ ಸಮೀಪ ನಡೆದ ಮೊದಲ ವಿಶ್ವ ರೋಮಾನಿ ಸಮ್ಮೇಳನ ಧ್ವಜ, ಗೀತೆಗಳನ್ನು ಆರಿಸಿಕೊಂಡಿತು. ಧ್ವಜದ ನಡುವೆ ಹದಿನಾರು ಅರೆಗಳ ಚಕ್ರ. ಚಂಡೀಗಢದ ಭಾಷಾವಿದ್ವಾಂಸ ಡಬ್ಲ್ಯು. ಆರ್. ರಿಷಿ ಅವರಂಥವರು ಈ ಚಳವಳಿಗೂ ಭಾರತಕ್ಕೂ ಸೇತುವೆಯಾದರು. ಅಂಗೈಯ ಬದಲು ಚಕ್ರ, ಭವಿಷ್ಯದ ಬದಲು ಭಾಷೆ: ಅವರು ಆರಿಸಿಕೊಂಡ ಗುರುತು ಇದು.

ಕೊರವರು ಆರಿಸಿಕೊಂಡದ್ದು ನುಲಿಯ ಚಂದಯ್ಯನನ್ನು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹುಲ್ಲಿನ ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದ ಆ ಶರಣನ ಜಯಂತಿಯನ್ನು ಸಮುದಾಯ ಇಂದು ಸಂಭ್ರಮದಿಂದ ಆಚರಿಸುತ್ತದೆ, ಸರ್ಕಾರವೂ ಆಚರಿಸುತ್ತದೆ. ಬಸವಕಲ್ಯಾಣ ನಮ್ಮ ಪಕ್ಕದ ಜಿಲ್ಲೆಯಲ್ಲಿಯೇ ಇದೆ. ಈ ಆಯ್ಕೆಯ ಹಿಂದಿನ ವಿವೇಕ ನನಗೆ ಅರ್ಥವಾಗುತ್ತದೆ: ಕಾಯಕದ ಶರಣನ ವಂಶ ಎಂದರೆ ಪೊಲೀಸರ ಪಟ್ಟಿಗೆ ಅದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಮಹಾರಾಷ್ಟ್ರದಲ್ಲಿ ಕೊರವರ ಬಂಧುಗಳಾದ ಕೈಕಾಡಿ ಸಮುದಾಯದ ಲಕ್ಷ್ಮಣ ಮಾನೆ 1980ರಲ್ಲಿ ‘ಉಪರಾ’ ಆತ್ಮಕಥನದಿಂದ ಬೇರೊಂದು ಉತ್ತರ ಕೊಟ್ಟರು. ಮರುವರ್ಷ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಚಂದಯ್ಯ ಗಂಡಸು, ಹಗ್ಗ ಗಂಡಸಿನ ಕಸುಬಿನ ಗುರುತು. ಗುರುತು ಬದಲಾಗುವಾಗ ಹಿಂದೆ ಉಳಿದದ್ದು ಹೆಂಗಸರ ವಿದ್ಯೆ: ದೇವತೆಗಳ ಪಟ್ಟಿ, ಊರುಗಳ ಎಣಿಕೆ, ಮುಖ ಓದುವ ಜಾಣ್ಮೆ, ಹಚ್ಚೆಯ ಸೂಜಿ. ಅದನ್ನು ಅವರು ಬಿಡುವುದು ಅವರ ಹಕ್ಕು. ಬಿಡುವ ಮುನ್ನ ಯಾರಾದರೂ ಕುಳಿತು ಕೇಳಿ ಬರೆದುಕೊಳ್ಳಲಿಲ್ಲವೆಂಬ ಕೊರಗು ನನ್ನಂಥ ಸಾಹಿತ್ಯದವನದು.

ಈಚೆಗೆ ಸೇಡಂ ಸಂತೆಯಲ್ಲಿ ಕಸಬರಿಗೆ ಮಾರುತ್ತಿದ್ದ ಹೆಣ್ಣುಮಗಳನ್ನು ಕೇಳಿದೆ, ನಿಮ್ಮಲ್ಲಿ ಈಗಲೂ ಕಣಿ ಹೇಳುವವರು ಇದ್ದಾರೆಯೇ ಎಂದು. “ನಮ್ಮತ್ತಿ ಹೇಳ್ತಿದ್ಳರೀ. ನನಗ ಬರಂಗಿಲ್ಲ, ನನ್ ಮಗಳಿಗಂತೂ ಅದರ ಹೆಸರೂ ಗೊತ್ತಿಲ್ಲ” ಎಂದು ನಕ್ಕಳು. ಮಗಳು ಕಲಬುರಗಿಯಲ್ಲಿ ಓದುತ್ತಿದ್ದಾಳಂತೆ. ಅತ್ತೆ ಕಣಿಯನ್ನು ಮೊದಲು ತಮ್ಮ ಮನೆಮಾತಿನಲ್ಲಿ ಗುನುಗಿ ಬಳಿಕ ಕನ್ನಡಕ್ಕೆ ಬರುತ್ತಿದ್ದಳೆಂದೂ, ಆ ಗುನುಗು ತನಗೆ ಅರ್ಧ ಮಾತ್ರ ನೆನಪಿದೆಯೆಂದೂ ಹೇಳಿದಳು. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಎರಡು ಕಸಬರಿಗೆ ಕೊಂಡು, ಮುಂದಿನ ಸಂತೆಗೆ ಬರುತ್ತೇನೆಂದು ಹೇಳಿ ಬಂದಿದ್ದೇನೆ.